ಹೋದದ್ದು ಹೋಗಲಿ, ಹುಡುಗ ಉಳಿಯಲಿ: ಮೊಬೈಲಿನ ಕುದುರೆ ಬಾಜಿಯೆಂಬ ಬೇನೆ

ಆಷಾಢದ ಮಳೆ ಎಡೆಬಿಡದೆ ಸುರಿಯುತ್ತಿದ್ದ ಒಂದು ವಾರ, ಆರೋಗ್ಯ ತಪಾಸಣೆಯ ನಿಮಿತ್ತ ನಾವು ಪುತ್ತೂರು, ಸುಳ್ಯ ಮತ್ತು ಕಡಬಗಳಲ್ಲಿದ್ದೆವು. ಈ ಮೂರು ತಾಲ್ಲೂಕುಗಳಲ್ಲಿ ಶ್ರೀಮಠದ ಭಕ್ತರ ಹಳೆಯ ಮನೆಗಳು ಹೆಚ್ಚಿಲ್ಲ. ಆದರೆ ಬಯಲುಸೀಮೆಯ ಜಿಲ್ಲೆಗಳಿಂದ ನೌಕರಿಗಾಗಿ ಘಟ್ಟವಿಳಿದು ಬಂದವರು ಅನೇಕರಿದ್ದಾರೆ. ಬಸ್ಸಿನ ಚಾಲಕರು, ನಿರ್ವಾಹಕರು, ಶಾಲಾ ಶಿಕ್ಷಕರು, ಪೊಲೀಸರು, ಲೈನ್‌ಮನ್ನರು ಹೀಗೆ ಎಲ್ಲ ಬಗೆಯ ಕಾಯಕದವರೂ ಅವರಲ್ಲಿದ್ದಾರೆ. ಹಲವರ ಕುಟುಂಬ ಊರಿನಲ್ಲಿಯೇ ಉಳಿದಿರುತ್ತದೆ. ಇವರದು ಬಾಡಿಗೆಯ ಕೋಣೆ, ಕೈಯಡುಗೆ, ಮಳೆಗಾಲದ ಉದ್ದನೆಯ ಸಂಜೆ ಮತ್ತು ಜೊತೆಗೊಂದು ಮೊಬೈಲು.

ಕಡಬದ ಕಡೆಯಿಂದ ಬಂದಿದ್ದ ಇಪ್ಪತ್ತೇಳು ವರ್ಷದ ತರುಣನೊಬ್ಬನ ರಕ್ತದೊತ್ತಡ 156/100 ಇತ್ತು. ಸಕ್ಕರೆ ಕಾಯಿಲೆ ಇರಲಿಲ್ಲ. ಕುಡಿತ, ಬೀಡಿ, ಗುಟ್ಕಾ ಯಾವುದೂ ಇರಲಿಲ್ಲ. ನಿದ್ದೆಯ ವಿಷಯ ಕೇಳಿದೆವು. ರಾತ್ರಿ ಎರಡು ಗಂಟೆಯಾದರೂ ಕಣ್ಣು ಹತ್ತುವುದಿಲ್ಲ, ಹೊಟ್ಟೆಯಲ್ಲಿ ಸದಾ ಉರಿ, ಎದೆ ಡವಗುಟ್ಟುತ್ತದೆ ಎಂದ. ಮಾತಾಡುತ್ತಿದ್ದ ಹತ್ತು ನಿಮಿಷಗಳಲ್ಲಿ ಆರು ಬಾರಿ ಮೊಬೈಲನ್ನು ತಿರುವಿ ನೋಡಿದ. ಸಾಲು ಕರಗಿದ ಮೇಲೆ ಅವನನ್ನು ಮತ್ತೆ ಕರೆದು ಕೂರಿಸಿಕೊಂಡಾಗ ತಲೆ ತಗ್ಗಿಸಿ ಎರಡೇ ಮಾತು ಹೇಳಿದ: “ಕುದುರಿ ಬಾಜಿ ರೀ.”

ಹಿಂದಿನ ವರ್ಷದ ಬೇಸಿಗೆಯ ಡರ್ಬಿಯ ಹೊತ್ತಿಗೆ ಸ್ನೇಹಿತನೊಬ್ಬ ಅವನ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಮೊದಲ ದಿನ ಇಟ್ಟ 200 ರೂಪಾಯಿ 1,400 ಆಗಿ ಬಂತು. ಅಲ್ಲಿಂದ ಹದಿನಾಲ್ಕು ತಿಂಗಳಲ್ಲಿ ಅವನ ಉಳಿತಾಯ, ಗೆಳೆಯರ ಕೈಸಾಲ, ಮೊಬೈಲಿನಲ್ಲಿಯೇ ಸಿಗುವ ಸಾಲ, ತಂಗಿಯ ಮದುವೆಗೆಂದು ಅಪ್ಪ ಅವನ ಖಾತೆಯಲ್ಲಿಟ್ಟಿದ್ದ ಹಣ ಎಲ್ಲವೂ ಸೇರಿ ಹೆಚ್ಚುಕಡಿಮೆ 4,80,000 ರೂಪಾಯಿ ಕರಗಿಹೋಗಿತ್ತು. ಅವನ ಹೆಸರು, ಊರು, ಇಲಾಖೆಗಳನ್ನು ನಾವಿಲ್ಲಿ ಹೇಳುತ್ತಿಲ್ಲ. ಉಳಿದುದನ್ನು ಬರೆಯಲು ಅವನೇ ಒಪ್ಪಿದ್ದಾನೆ. ತನ್ನಂತೆ ಕೋಣೆಯಲ್ಲಿ ಒಬ್ಬನೇ ಕುಳಿತಿರುವ ಇನ್ನೊಬ್ಬನಿಗೆ ಇದು ತಲುಪಲಿ ಎಂಬುದು ಅವನ ಅಪೇಕ್ಷೆ.

ಎರಡೂವರೆ ನಿಮಿಷದ ಓಟ

ಡರ್ಬಿ ಎಂಬ ಹೆಸರು ಇಂಗ್ಲೆಂಡಿನ ಎಪ್ಸಮ್ ಎಂಬಲ್ಲಿ 1780ರಲ್ಲಿ ಆರಂಭವಾದ ಓಟದಿಂದ ಬಂದುದು. ನಮ್ಮ ದೇಶದಲ್ಲಿ ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಫೆಬ್ರುವರಿಯ ಮೊದಲ ಭಾನುವಾರ ನಡೆಯುವ ಇಂಡಿಯನ್ ಡರ್ಬಿ ಎಲ್ಲಕ್ಕಿಂತ ಹೆಸರಾದುದು. ಬೆಂಗಳೂರಿನಲ್ಲಿ ಬೇಸಿಗೆಯ ಋತುವಿಗೊಂದು, ಚಳಿಗಾಲಕ್ಕೊಂದು ಡರ್ಬಿ ಉಂಟು, ಮೈಸೂರಿನಲ್ಲಿಯೂ ಉಂಟು. ಇಂಡಿಯನ್ ಡರ್ಬಿಯ ದೂರ 2,400 ಮೀಟರ್. ಒಳ್ಳೆಯ ಕುದುರೆ ಅದನ್ನು ಓಡಿ ಮುಗಿಸಲು ಬೇಕಾಗುವುದು ಸುಮಾರು ಎರಡೂವರೆ ನಿಮಿಷ.

ರೇಸ್ ಕೋರ್ಸಿಗೆ ಹೋಗಿ ಬಾಜಿ ಕಟ್ಟುವವನಿಗೆ ಆ ಎರಡೂವರೆ ನಿಮಿಷದ ಬಳಿಕ ಬಿಡುವು ಸಿಗುತ್ತದೆ. ಮುಂದಿನ ಓಟಕ್ಕೆ ಸುಮಾರು ಅರ್ಧ ಗಂಟೆ ಕಾಯಬೇಕು. ಜೇಬಿನ ನೋಟು ಎಣಿಸಿ ಕೊಡಬೇಕು. ಸಂಜೆಯಾದರೆ ಮನೆಗೆ ಹೋಗಬೇಕು. ಕರಾವಳಿಯ ಕೋಳಿ ಅಂಕವನ್ನು ನೋಡಿದವರಿಗೂ ಇದು ತಿಳಿದದ್ದೇ. ಅಲ್ಲಿಯೂ ಹಣ ಹೋಗುತ್ತದೆ, ಪೊಲೀಸರು ದಾಳಿ ಮಾಡಿದರೆ ಮಾನವೂ ಹೋಗುತ್ತದೆ. ಆದರೆ ಹಕ್ಕಿಗೆ ದಣಿವುಂಟು, ಹಗಲಿಗೆ ಕೊನೆಯುಂಟು, ಕಟ್ಟಿದವನನ್ನು ನಾಲ್ಕು ಜನ ನೋಡಿರುತ್ತಾರೆ. ಮರುದಿನ ಮಾತು ಮನೆಗೆ ಮುಟ್ಟುತ್ತದೆ.

ಮೊಬೈಲಿನ ಬಾಜಿಗೆ ಈ ಮೂರೂ ಇಲ್ಲ. ಬೆಂಗಳೂರಿನ ಓಟ ಮುಗಿದರೆ ಮುಂಬಯಿಯದು, ಅದು ಮುಗಿದರೆ ಇಂಗ್ಲೆಂಡಿನದು, ನಡುರಾತ್ರಿ ಕಳೆದರೆ ಆಸ್ಟ್ರೇಲಿಯಾದ್ದು. ಎಲ್ಲಿಯೂ ಓಟವಿಲ್ಲದ ಹೊತ್ತಿಗೆ ಕಂಪ್ಯೂಟರು ಬಿಡಿಸಿದ ಕುದುರೆಗಳು ಬರುತ್ತವೆ. ನಮ್ಮ ತರುಣ ಕೊನೆಯ ತಿಂಗಳುಗಳಲ್ಲಿ ಹಣ ಕಟ್ಟುತ್ತಿದ್ದುದು ಬಹುಪಾಲು ಇಂಥ ಕುದುರೆಗಳ ಮೇಲೆಯೇ. ಅವಕ್ಕೆ ಲಾಯವಿಲ್ಲ, ಜಾಕಿಯಿಲ್ಲ, ಉಸಿರಿಲ್ಲ. ಯಾವುದು ಗೆಲ್ಲಬೇಕೆಂಬುದನ್ನು ಯಂತ್ರ ಹೆಕ್ಕಿದ ಒಂದು ಸಂಖ್ಯೆ ನಿರ್ಧರಿಸಿರುತ್ತದೆ. ತೆರೆಯ ಮೇಲೆ ಕಾಣುವ ಓಟ ಬರಿಯ ಚಿತ್ರ. ಹಾಗಿದ್ದರೂ “ಈ ಕೆಂಪು ಕುದುರೆ ಇವತ್ತು ಚಲೋ ಐತಿ” ಎಂದು ತಾನು ಲೆಕ್ಕ ಹಾಕುತ್ತಿದ್ದೆನೆಂದು ಹೇಳಿ ಅವನೇ ನಕ್ಕ. ಆ ನಗುವಿನಲ್ಲಿ ಅಳು ಇತ್ತು.

ಸೋಲಿನ ಗಣಿತ

ಸೋತವನು ತನಗೆ ಅದೃಷ್ಟವಿಲ್ಲವೆಂದು ತಿಳಿಯುತ್ತಾನೆ. ನಿಜವಾಗಿ ಸೋಲು ಲೆಕ್ಕದಲ್ಲಿಯೇ ಅಡಗಿದೆ. ಸಮಬಲದ ಎರಡು ಕುದುರೆಗಳಿವೆಯೆಂದು ಭಾವಿಸೋಣ. ನ್ಯಾಯವಾದ ಬಾಜಿಯಲ್ಲಿ 100 ಕಟ್ಟಿ ಗೆದ್ದವನಿಗೆ 200 ಸಿಗಬೇಕು. ಬಾಜಿ ನಡೆಸುವವನು 180 ಕೊಡುತ್ತೇನೆನ್ನುತ್ತಾನೆ. ನೀವು ಎರಡು ಕುದುರೆಗಳ ಮೇಲೂ ನೂರು ನೂರು ಕಟ್ಟಿದಿರೆಂದರೆ ಯಾವುದು ಗೆದ್ದರೂ 200 ಕೊಟ್ಟು 180 ಪಡೆದಂತಾಯಿತು. ಆ 20 ರೂಪಾಯಿ ನಡೆಸುವವನ ಪಾಲು. ಅವನಿಗೆ ಯಾವ ಕುದುರೆ ಗೆದ್ದರೂ ಒಂದೇ. ರೇಸ್ ಕ್ಲಬ್ಬಿನ ಟೋಟಲೈಜರಿನಲ್ಲಿಯೂ ಎಲ್ಲರ ಹಣವನ್ನು ಒಂದೆಡೆ ಕೂಡಿಸಿ, ಕಮಿಷನ್ನು ಮತ್ತು ತೆರಿಗೆ ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುತ್ತಾರೆ. ಇದರ ಮೇಲೆ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 40. ಗೆದ್ದ ಹಣದ ಮೇಲೆ ಆದಾಯ ತೆರಿಗೆ ಶೇಕಡ 30. ಸೋತ ಹಣವನ್ನು ಅದರಲ್ಲಿ ಕಳೆದುಕೊಳ್ಳುವ ಅವಕಾಶವಿಲ್ಲ.

ಪ್ರತಿ ಸುತ್ತಿನಲ್ಲಿ ನೂರಕ್ಕೆ ಹತ್ತೇ ಹೋಗುತ್ತದೆಂದು ಹಿಡಿದರೂ, ಉಳಿದುದನ್ನೆಲ್ಲ ಮತ್ತೆ ಕಟ್ಟುತ್ತ ಹೋದವನ 100 ರೂಪಾಯಿ ಸರಾಸರಿಯಲ್ಲಿ ಹತ್ತು ಸುತ್ತಿಗೆ ಸುಮಾರು 35, ಇಪ್ಪತ್ತು ಸುತ್ತಿಗೆ ಸುಮಾರು 12 ಆಗುತ್ತದೆ. ರೇಸ್ ಕೋರ್ಸಿನಲ್ಲಿ ಇಪ್ಪತ್ತು ಓಟಗಳಾಗಲು ಎರಡು ಮೂರು ದಿನ ಬೇಕು. ಮೊಬೈಲಿನಲ್ಲಿ ಅದು ಒಂದು ಸಂಜೆಯ ಕೆಲಸ.

ಮೆದುಳಿನಲ್ಲಿ ನಡೆಯುವುದೇನು

ಇಷ್ಟು ಸರಳವಾದ ಲೆಕ್ಕ ಓದಿದವನಿಗೆ ಏಕೆ ಹೊಳೆಯುವುದಿಲ್ಲ? ಉತ್ತರ ಮೆದುಳಿನಲ್ಲಿದೆ. ವಿಜ್ಞಾನಿ ವೋಲ್‌ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳಿಗೆ ಒಂದು ಚಿತ್ರ ತೋರಿಸಿ ಬಳಿಕ ಹಣ್ಣಿನ ರಸದ ಹನಿ ಕೊಡುತ್ತಿದ್ದರು. ರಸ ಸಿಗುವುದು ಖಚಿತವಾಗಿದ್ದಾಗ ಕಾಯುವ ಹೊತ್ತಿನಲ್ಲಿ ಡೋಪಮಿನ್ ನರಕೋಶಗಳು ಶಾಂತವಾಗಿದ್ದವು. ಸಿಗಲೂಬಹುದು, ಸಿಗದಿರಲೂಬಹುದು ಎಂಬ ಅರ್ಧಕ್ಕರ್ಧ ಅನಿಶ್ಚಯವಿದ್ದಾಗ ಅವುಗಳ ಚಟುವಟಿಕೆ ಕಾಯುತ್ತ ಕಾಯುತ್ತ ಏರುತ್ತ ಹೋಯಿತು. 2003ರಲ್ಲಿ ಪ್ರಕಟವಾದ ಈ ಪ್ರಯೋಗ ಬಾಜಿಯ ಮರ್ಮವನ್ನು ತೆರೆದು ತೋರಿಸುತ್ತದೆ. ಮನಸ್ಸನ್ನು ಕಟ್ಟಿಹಾಕುವುದು ಗೆದ್ದ ಹಣಕ್ಕಿಂತ ಹೆಚ್ಚಾಗಿ ಕುದುರೆ ಓಡುತ್ತಿರುವಾಗಿನ ಆ ಎರಡೂವರೆ ನಿಮಿಷ.

ಕೂದಲೆಳೆಯಲ್ಲಿ ತಪ್ಪಿದ ಗೆಲುವು ಇನ್ನೂ ಅಪಾಯಕರ. ತಾನು ಕಟ್ಟಿದ ಕುದುರೆ ಮೂಗಿನಷ್ಟು ಅಂತರದಲ್ಲಿ ಎರಡನೆಯದಾದಾಗ ಮನುಷ್ಯ ಸೋತೆನೆಂದು ತಿಳಿಯದೆ, ಇನ್ನೇನು ಗೆಲ್ಲುತ್ತಿದ್ದೆನೆಂದು ತಿಳಿಯುತ್ತಾನೆ. ಕೇಂಬ್ರಿಜ್‌ನ ಸಂಶೋಧಕರು 2009ರಲ್ಲಿ ಮೆದುಳಿನ ಚಿತ್ರಣದಿಂದ ಕಂಡುಕೊಂಡದ್ದೂ ಇದನ್ನೇ. ಗೆದ್ದಾಗ ಎಚ್ಚರಗೊಳ್ಳುವ ಮೆದುಳಿನ ಭಾಗಗಳೇ ಸ್ವಲ್ಪದರಲ್ಲಿ ತಪ್ಪಿದಾಗಲೂ ಎಚ್ಚರಗೊಂಡವು; ಮತ್ತೆ ಆಡುವ ಆಸೆಯೂ ಹೆಚ್ಚಿತು.

ಇವೆಲ್ಲಕ್ಕಿಂತ ಕ್ರೂರವಾದುದು ಕಳೆದುದನ್ನು ಮರಳಿ ಪಡೆಯಬೇಕೆಂಬ ಹಂಬಲ. “ಎಷ್ಟು ಗೆಲ್ಲಬೇಕೆಂದಿದ್ದೆ?” ಎಂದು ನಾವು ಆ ತರುಣನನ್ನು ಕೇಳಿದೆವು. ಗೆಲ್ಲುವ ಆಸೆ ಮೂರನೆಯ ತಿಂಗಳಿಗೇ ಸತ್ತುಹೋಗಿತ್ತೆಂದ. ತಂಗಿಯ ಮದುವೆಯ ಹಣವೊಂದು ಮರಳಿ ಬಂದರೆ ಸಾಕು, ಆ ಕ್ಷಣವೇ ಬಿಟ್ಟುಬಿಡುತ್ತೇನೆ ಎಂದುಕೊಂಡು ಉಳಿದ ಹನ್ನೊಂದು ತಿಂಗಳು ಆಡಿದ್ದ. ಕಳೆದ ಹಣದ ಬಹುಪಾಲು ಹೋದದ್ದು ಆ ಹನ್ನೊಂದು ತಿಂಗಳಲ್ಲಿಯೇ. ಈ ಬೇನೆಯ ಬೇರು ಇಲ್ಲಿದೆ. ಆಸೆಯಿಂದ ಆರಂಭವಾದದ್ದು ಪಶ್ಚಾತ್ತಾಪದಿಂದಲೇ ಬೆಳೆಯುತ್ತದೆ. ಆದ್ದರಿಂದಲೇ ಒಳ್ಳೆಯ ಮನಸ್ಸಿನವರು, ಮನೆಯ ಮೇಲೆ ಮಮತೆಯಿರುವವರು ಕೂಡ ಇದರಲ್ಲಿ ಆಳವಾಗಿ ಮುಳುಗುತ್ತಾರೆ.

ಕೆಟ್ಟ ಚಾಳಿಯೋ, ಕಾಯಿಲೆಯೋ?

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಜೂಜಿನ ಬೇನೆಯನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿಯೂ ಅದು ವ್ಯಸನಗಳ ಗುಂಪಿನಲ್ಲಿದೆ. ನಿದ್ರಾಹೀನತೆ, ಏರಿದ ರಕ್ತದೊತ್ತಡ, ಹೊಟ್ಟೆಯ ಹುಣ್ಣು, ಖಿನ್ನತೆ, ಕುಡಿತ ಇವು ಅದರ ಸಂಗಾತಿಗಳು. ಸಾಲದ ಹೊರೆಯೊಂದಿಗೆ ನಾಚಿಕೆಯೂ ಕೂಡಿದಾಗ ಜೀವ ಕಳೆದುಕೊಳ್ಳುವ ವಿಚಾರ ಬರುವುದು ಸಾಮಾನ್ಯ. ಈ ತರುಣನಿಗೂ ಬಂದಿತ್ತು. ನಾವು ನೇರವಾಗಿ ಕೇಳಿದೆವು, ಅವನು ಹೇಳಿದ. ಹಾಗೆ ಕೇಳಿದರೆ ಆ ವಿಚಾರ ಗಟ್ಟಿಯಾಗುತ್ತದೆಂಬ ಭಯ ಬೇಡ; ಕೇಳಿದಾಗ ಮನಸ್ಸಿನ ಭಾರ ಇಳಿಯುತ್ತದೆ.

ಸಂದೇಹವಿರುವಲ್ಲಿ ವೈದ್ಯರು ಕೇಳುವ ಎರಡು ಪ್ರಶ್ನೆಗಳು ಬಹಳ ಸರಳ. ಮೊದಲಿಗಿಂತ ಹೆಚ್ಚು ಹೆಚ್ಚು ಹಣ ಕಟ್ಟಬೇಕೆಂದು ಅನ್ನಿಸಿದೆಯೇ? ಎಷ್ಟು ಕಟ್ಟಿದೆನೆಂಬ ವಿಷಯದಲ್ಲಿ ಆಪ್ತರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಮುಂದಿನ ತಪಾಸಣೆ ಅಗತ್ಯ. ಇನ್ನೊಂದು ಸಂಗತಿಯನ್ನು ವಯಸ್ಸಾದವರಿರುವ ಮನೆಗಳು ತಿಳಿದಿರಬೇಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಔಷಧಗಳು ಕೆಲವರಲ್ಲಿ ಜೂಜಿನ ತುಡಿತವನ್ನು ಹುಟ್ಟಿಸುತ್ತವೆ. ಜೀವಮಾನವಿಡೀ ಇಸ್ಪೀಟು ಮುಟ್ಟದ ಹಿರಿಯರು ಒಮ್ಮೆಲೇ ಬಾಜಿಗಿಳಿದರೆ ಬಯ್ಯುವ ಮೊದಲು ಔಷಧದ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕಾನೂನಿನ ಮಾತು

ಕುದುರೆ ಓಟ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆ ತೀರ್ಪನ್ನು ನೆವ ಮಾಡಿಕೊಂಡು “ಇದು ಜೂಜಲ್ಲ” ಎಂದು ವಾದಿಸುವವರುಂಟು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಆನ್‌ಲೈನ್ ಬಾಜಿಯನ್ನು ನಿಷೇಧಿಸಿತು; 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಅದನ್ನು ನಡೆಸುವುದನ್ನೂ ಜಾಹೀರಾತು ಮಾಡುವುದನ್ನೂ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಉಂಟು. ಆಡಿ ಸೋತವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಆದ್ದರಿಂದ ನೆರವು ಕೇಳಲು ಅಂಜಬೇಕಾಗಿಲ್ಲ.

ಮನೆಯವರು ಮಾಡಬೇಕಾದುದು

ಮರುವಾರ ಆ ತರುಣನ ತಂದೆ ರಾತ್ರಿಯ ಬಸ್ಸು ಹಿಡಿದು ಬಂದರು. ಪಂಚೆಯ ಗಂಟಿನಲ್ಲಿ ಕಡಲೆ ಮಾರಿದ ಹಣವಿತ್ತು. ಮಗ ಎದುರಿಗೆ ನಿಂತು ಅಳುತ್ತಿದ್ದ. ಬಹಳ ಹೊತ್ತು ಮೌನವಾಗಿದ್ದ ಆ ಹಿರಿಯರು ಕೊನೆಗೆ ನಮ್ಮ ಕಡೆಗೆ ತಿರುಗಿ, “ಹೋದದ್ದು ಹೋತ್ರೀ. ನನ್ನ ಮಗ ಹೋಗಬಾರದು” ಎಂದರು. ಕಳೆದುದನ್ನು ತಿರುಗಿ ಪಡೆಯಬೇಕೆಂಬ ಹಟವನ್ನು ಅವನ ಕೊರಳಿನಿಂದ ಇಳಿಸಿದ್ದು ಆ ಮಾತು. ವೈದ್ಯರಾಗಿ ನಾವು ಬರೆದುಕೊಟ್ಟ ಯಾವ ಗುಳಿಗೆಗೂ ಅಷ್ಟು ಬಲವಿರಲಿಲ್ಲ.

ಆದರೆ ಕ್ಷಮೆಯೊಂದೇ ಸಾಲದು. ತಂದೆ ತಂದಿದ್ದ ಹಣವನ್ನು ಮಗನ ಕೈಗೆ ಕೊಡಬಾರದೆಂದು ನಾವು ತಿಳಿಸಿದೆವು. ಮನೆಯವರು ಸಾಲವನ್ನೆಲ್ಲ ಗುಟ್ಟಾಗಿ ಒಮ್ಮೆಗೇ ತೀರಿಸಿಬಿಟ್ಟರೆ ಬಾಜಿಗೆ ಹೊಸ ಬಂಡವಾಳ ಸಿಕ್ಕಂತಾಗುವುದೇ ಹೆಚ್ಚು. ಮೊದಲು ಸಾಲಗಳೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿದೆವು. ಸಂಬಳದ ಖಾತೆಯ ಕಾರ್ಡನ್ನು ತಂದೆ ಇಟ್ಟುಕೊಂಡರು. ಬ್ಯಾಂಕಿಗೆ ಹೋಗಿ ಮೊಬೈಲಿನಿಂದ ಹಣ ಕಳಿಸುವ ದಿನದ ಮಿತಿಯನ್ನು ಇಳಿಸಿದರು. ಬಾಜಿಯ ಮತ್ತು ಸಾಲದ ಆ್ಯಪುಗಳನ್ನು ಅಳಿಸಿದ್ದಾಯಿತು. ಮತ್ತೆ ಮತ್ತೆ ಆಮಿಷದ ಸಂದೇಶ ಬರುತ್ತಿದ್ದ ಮೊಬೈಲ್ ಸಂಖ್ಯೆಯನ್ನು ಬದಲಿಸಿದರು. ಸಾಲಗಾರರಿಗೆ ತಿಂಗಳಿಗಿಷ್ಟೆಂದು ಗಡುವು ಹೇಳಿ, ಕಂತು ಕಟ್ಟುವ ಹೊಣೆಯನ್ನು ಮಗನ ಸಂಬಳಕ್ಕೇ ಹೊರಿಸಲಾಯಿತು. ತಂಗಿಗೆ ವಿಷಯವನ್ನು ಅವನೇ ತಿಳಿಸಬೇಕೆಂದೆವು. ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ಗುಟ್ಟು ಇರುವ ತನಕ ಈ ಬೇನೆಗೆ ಆಸರೆ ಇದ್ದೇ ಇರುತ್ತದೆ.

ಚಿಕಿತ್ಸೆಯೂ ಉಂಟು. ತುಡಿತ ಯಾವ ಹೊತ್ತಿಗೆ, ಯಾವ ಭಾವದಲ್ಲಿ ಏಳುತ್ತದೆಂಬುದನ್ನು ಗುರುತಿಸಿ, ಆ ಹೊತ್ತನ್ನು ದಾಟುವ ಬಗೆಯನ್ನು ಆಪ್ತ ಸಮಾಲೋಚಕರು ಕಲಿಸುತ್ತಾರೆ. ಖಿನ್ನತೆಯಿದ್ದರೆ ಮನೋವೈದ್ಯರು ಔಷಧ ಕೊಡುತ್ತಾರೆ. ತುಡಿತದ ಅಲೆ ಏರಿದಂತೆಯೇ ಇಳಿಯುತ್ತದೆ. ಬಹಳಷ್ಟು ಸಲ ಅರ್ಧ ಗಂಟೆ ಬೇರೊಂದು ಕೆಲಸದಲ್ಲಿ, ಇನ್ನೊಬ್ಬರ ಜೊತೆಯಲ್ಲಿ ಕಳೆದರೆ ಸಾಕು. ಮಂಗಳೂರಿನ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು ಮತ್ತು ಅಂತರ್ಜಾಲದ ಅತಿಬಳಕೆಗಾಗಿಯೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ. ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು. ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಜೀವ ಬೇಡವೆನ್ನಿಸಿದ ಘಳಿಗೆಯಲ್ಲಿಯೂ ಅದೇ ಸಂಖ್ಯೆ. ಬಾಜಿಯ ಹೆಸರಿನಲ್ಲಿ ಹಣ ಲಪಟಾಯಿಸಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಶರಣರ ಬದುಕಿನಲ್ಲಿ ಇದಕ್ಕೊಂದು ಅಳತೆಗೋಲು ಇದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಮರಳಿ ಸುರಿದು ಬರುವಂತೆ ಗಂಡನಿಗೆ ತಿಳಿಸಿದರು. ದುಡಿಮೆಗೆ ಮೀರಿ ಬಂದದ್ದು ಮನೆಯೊಳಗೆ ಬರಬಾರದೆಂಬ ಆ ತಾಯಿಯ ಎಚ್ಚರ ಇಂದು ಪ್ರತಿ ಮನೆಗೂ ಬೇಕು. ಮೊದಲ ದಿನ 200 ರೂಪಾಯಿ 1,400 ಆದಾಗ “ಎಲ್ಲಿಂದ ಬಂತು?” ಎಂದು ಕೇಳುವವರು ಆ ಕೋಣೆಯಲ್ಲಿ ಇರಲಿಲ್ಲ. ನೌಕರಿಗಾಗಿ ದೂರದಲ್ಲಿರುವ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಕರೆ ಮಾಡಿ “ಊಟ ಆತೇನು?” ಎಂಬುದರ ಜೊತೆಗೆ “ನಿದ್ದಿ ಬರ್ತದೇನು?” ಎಂದೂ ಕೇಳಬೇಕೆಂದು ತಂದೆತಾಯಿಗಳಲ್ಲಿ ನಮ್ಮ ಪ್ರಾರ್ಥನೆ. ಪುತ್ತೂರು, ಸುಳ್ಯ, ಕಡಬಗಳಲ್ಲಿರುವ ಭಕ್ತರು ಒಂಟಿಯಾಗಿರುವ ತರುಣರನ್ನು ಭಾನುವಾರದ ಊಟಕ್ಕೆ ಕರೆದರೆ ಅದೂ ದಾಸೋಹವೇ.

ಆ ತರುಣ ಈಗ ಹೇಗಿದ್ದಾನೆಂದು ಓದುಗರು ಕೇಳಬಹುದು. ಒಮ್ಮೆ ಜಾರಿದ್ದ, ಚಳಿಗಾಲದ ಡರ್ಬಿಯ ಹಿಂದಿನ ರಾತ್ರಿ ಸ್ನೇಹಿತನ ಮೊಬೈಲಿನಿಂದ 500 ರೂಪಾಯಿ ಕಟ್ಟಿ ಕಳೆದುಕೊಂಡಿದ್ದ. ಹಿಂದಿನಂತೆ ಮುಚ್ಚಿಡದೆ ಮರುದಿನ ಬೆಳಿಗ್ಗೆಯೇ ತಂದೆಗೆ ಕರೆ ಮಾಡಿ ತಿಳಿಸಿದ. ಆ 500 ರೂಪಾಯಿಯನ್ನು ಮರಳಿ ಪಡೆಯಲು ಹೋಗಲಿಲ್ಲ. ಕಳೆದ ಸಲ ನೋಡಿದಾಗ ರಕ್ತದೊತ್ತಡ 128/84 ಇತ್ತು. ಸಾಲ ತೀರಲು ಇನ್ನೂ ಎರಡು ವರ್ಷ ಬೇಕು. ತಂಗಿಯ ಮದುವೆ ಒಂದು ವರ್ಷ ಮುಂದಕ್ಕೆ ಹೋಗಿದೆ. ರಾತ್ರಿ ಹತ್ತೂವರೆಗೆ ಮಲಗಿದರೆ ಬೆಳಿಗ್ಗೆಯವರೆಗೆ ಎಚ್ಚರವಾಗುವುದಿಲ್ಲವೆಂದು ಅವನು ಹೇಳಿದ.